ಗುಂಡುಪಿನ್ನಿನ ಡಬ್ಬಿ

ಶವ ಹೊತ್ತ ನಾಲ್ವರೂ ಬಾಗಿಲ ಹತ್ತಿರ ಬಂದು ನಿಂತುಬಿಟ್ಟರು. ಹೊಸ್ತಿಲಿಗೆ ಅಡ್ಡವಾಗಿ ಕಪ್ಪು ನಾಯಿ ಮಲಗಿತ್ತು. ಮೂತಿಗೆ ಎಂದಿನಂತೆ ಚರ್ಮದ ಬಾಯಿಕುಕ್ಕೆ.

"ಯಾರೂ ಮುಟ್ಬೇಡಿ," ಎಂದ ಹಾಲಿನ ಅಂಗಡಿಯವನು, ಹೊತ್ತ ಹೆಗಲಲ್ಲೇ. "ರಾಟ್‌ವೈಲರ್ ಅದು. ಹಲ್ಲು ಊರಿದ್ರೆ ದವಡೆಗೆ ಬೀಗ ಬೀಳುತ್ತೆ. ಸುಮ್‌ಸುಮ್ನೆ ಕುಕ್ಕೆ ಹಾಕಿದ್ರಾ ಅವ್ರು?"

ರಸ್ತೆಯಾಚೆ ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಟೈಲರಮ್ಮನಿಗೆ ಮೈ ಮುದುಡಿತು. ಇದೇ ಮಾತು ಬರೆದು, ಬೀದಿಯವರ ಸಹಿ ಹಾಕಿಸಿ, ನಗರಸಭೆಗೆ ಅರ್ಜಿ ಕೊಟ್ಟವಳು ಅವಳೇ.

ಸತ್ತವರ ಮಗಳು ಬಗ್ಗಿ ನಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಅದು ಎದ್ದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಿತು. ಶವದ ಗಾಡಿ ಬೀದಿಯ ಮೂಲೆ ತಿರುಗುವವರೆಗೂ ನೋಡಿ, ಮತ್ತೆ ಹೊಸ್ತಿಲಿಗೇ ಬಂದು ಮಲಗಿತು.

*

ಆರು ವರ್ಷ ಎದುರುಬದುರು. ಸತ್ತವರದು ಗಡಿಯಾರ ರಿಪೇರಿ, ಟೈಲರಮ್ಮನದು ಹೊಲಿಗೆ. ಹೂಂ, ಉಹೂಂ ಬಿಟ್ಟು ಮೂರನೇ ಮಾತಿಲ್ಲದ ಅವರನ್ನು ಬೀದಿಯವರು ಗುಮ್ಮ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಇವಳು ಅಂಗಡಿಯ ಕಸ ಹೊರಗೆ ಗುಡಿಸಿ ಒಳಗೆ ಹೋಗುವುದನ್ನೇ ಕಾದು, ಕೋಲು ಹಿಡಿದು ಬಂದು ಅವಳ ಮೆಟ್ಟಿಲ ಬುಡವನ್ನೆಲ್ಲ ಸವರುತ್ತಿದ್ದರು. ಅರ್ಜಿ ಕೊಟ್ಟಿದ್ದಕ್ಕೆ ಏನೋ ಹೊಂಚು ಹಾಕುತ್ತಿದ್ದಾರೆಂದೇ ಅವಳು ತಿಳಿದಳು.

ಒಂದು ದಿನ ಕತ್ತರಿ ಹಿಡಿದೇ ಹೊರಗೆ ಬಂದಳು. "ಏನ್ರೀ ಕಳ್ಕೊಂಡಿದೀರ ಇಲ್ಲಿ?"

ಅವರು ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. "ಏನಿಲ್ಲಮ್ಮ."

*

ಸಂಸ್ಕಾರ ಮುಗಿಸಿ ಬಂದ ಮಗಳು ಹೊಸ್ತಿಲ ಮೇಲೆ ಒಬ್ಬಳೇ ಕೂತಿದ್ದಳು. ಟೈಲರಮ್ಮ ರಸ್ತೆ ದಾಟಿ, ನಾಯಿಯಿಂದ ಮೂರು ಮಾರು ದೂರದಲ್ಲಿ ನಿಂತಳು. ತಾನಿರುವ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಬಿಡುವುದಿಲ್ಲ, ಅರ್ಜಿಯ ಮೇಲೆ ನಾಲ್ಕು ಗಂಟೆಗೆ ನಗರಸಭೆಯ ಗಾಡಿ ಬಂದು ಒಯ್ಯುತ್ತದೆ ಎಂದಳು ಮಗಳು. "ಈ ಜಾತಿದನ್ನ ಯಾರೂ ತಗೊಳಲ್ವಂತೆ. ಎಂಟು ದಿನ ನೋಡಿ, ಆಮೇಲೆ ಇಂಜೆಕ್ಷನ್."

"ಕಚ್ಚುತ್ತಲ್ವಾ?"

"ಕಚ್ಚೋದೆಲ್ಲಿ ಬಂತು, ನುಂಗುತ್ತೆ. ನೆಲದ ಮೇಲೆ ಏನು ಮಿಂಚಿದ್ರೂ ಬಾಯಿಗೆ. ಒಂದ್ಸಲ ಹೊಟ್ಟೆ ಕೊಯ್ಸಿ ತೆಗೆಸಿದ್ವಿ. ಆಮೇಲೇ ಕುಕ್ಕೆ ಹಾಕಿದ್ದು. ಊಟಕ್ಕೆ ಬಿಚ್ಚಿದ್ರೂ ನಿಮ್ಮ ಮೆಟ್ಟಿಲ ಕಡೆಗೇ ಓಡ್ತಿತ್ತು."

ಮಗಳು ಒಳಗಿನಿಂದ ಒಂದು ಡಬ್ಬಿ ತಂದು ಮುಚ್ಚಳ ತೆಗೆದಳು. ಕಂಠಮಟ್ಟ ಗುಂಡುಪಿನ್ನು. ಕೆಂಪು ತಲೆಯವು, ನೀಲಿ ತಲೆಯವು. ಆ ಬೀದಿಯಲ್ಲಿ ಅಂಥವನ್ನು ತರಿಸುವವಳು ಒಬ್ಬಳೇ.

ಟೈಲರಮ್ಮ ನಾಯಿಯನ್ನು ಮರೆತು ಹತ್ತಿರ ಬಂದಳು. "ಒಂದು ಮಾತು ಹೇಳ್ಬಹುದಿತ್ತಲ್ಲ ನಂಗೆ."

"ನಾನೂ ಅದೇ ಅಂದೆ. 'ಆಯಮ್ಮ ಕತ್ತರಿ ಹಿಡ್ಕೊಂಡೇ ಮಾತಾಡೋದು ಕಣೇ, ನಂಗೆ ಭಯ' ಅಂದ್ರು ಅಪ್ಪ." ಮಗಳಿಗೆ ಅಳುವಿನ ನಡುವೆಯೇ ನಗು ಬಂತು.

ಅವರ ಮುಂದೆ ತನ್ನ ಕೈ ನಡುಗುವುದು ಕಾಣಬಾರದೆಂದೇ ಟೈಲರಮ್ಮ ಕತ್ತರಿ ಹಿಡಿಯುತ್ತಿದ್ದುದು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರು ಈಗ ಇರಲಿಲ್ಲ.

"ಆ ಕೋಲು ಇದೆಯಾ?" ಎಂದಳು.

*

ನಾಲ್ಕಕ್ಕೆ ಗಾಡಿ ಬಂದಾಗ ಟೈಲರಮ್ಮ ತನ್ನ ಅಂಗಡಿಯೊಳಗೆ ಮಂಡಿಯೂರಿ, ಮಿಷನ್ನಿನ ಅಡಿಗೆ ಕೋಲು ತೂರಿಸಿ, ತುದಿಯ ಅಯಸ್ಕಾಂತದಿಂದ ನೆಲ ಸವರುತ್ತಿದ್ದಳು. ನಾಯಿ ಮೆಟ್ಟಿಲ ಮೇಲೆ ಕಾಯುತ್ತಿತ್ತು.

"ಅರ್ಜಿ ಕೊಟ್ಟೋಳೂ ನಾನೇ, ವಾಪಸ್ ತಗೊಳ್ಳೋಳೂ ನಾನೇ," ಎಂದಳು ತಲೆಯೆತ್ತದೆ. "ನೀವು ಹೊರಡಿ."

ಮೂಲೆಯಲ್ಲಿ ಉಳಿದಿದ್ದ ಕೆಂಪು ತಲೆಯದೊಂದು ಟಕ್ಕೆಂದು ಹಾರಿ ಅಂಟಿಕೊಂಡಿತು. ಅದನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನೂ ಕತ್ತರಿಯನ್ನೂ ಮೇಲಿನ ಹಲಗೆಗೆ ಏರಿಸಿ, ಬರಿಗೈಯಲ್ಲಿ ಮೆಟ್ಟಿಲಿಗೆ ಬಂದು ಕೂತಳು. ಬೆರಳು ನಡುಗುತ್ತಿದ್ದವು. ಕೊಂಡಿ ಬಿಚ್ಚುವಷ್ಟು ಹೊತ್ತೂ ನಾಯಿ ಅವಳಂತೆಯೇ ಉಸಿರು ಬಿಗಿಹಿಡಿದು ನಿಂತಿತ್ತು. ಕುಕ್ಕೆ ಕಳಚಿತು. ಪಟ್ಟಿ ಇದ್ದಷ್ಟು ಜಾಗ ಕೂದಲು ಸವೆದು, ಮೂತಿಯ ಮೇಲೊಂದು ಬಿಳಿಯ ಗೆರೆ ಉಳಿದಿತ್ತು.