ಕಬ್ಬಿಣದ ಸೇತುವೆಯ ಮೇಲಿನ ಅಳು

ಹಳೆಯ ಜನಪ್ರಿಯ ಸಿನಿಮಾವೊಂದರ ಚಿತ್ರೀಕರಣವಾದ ಜಾಗಗಳನ್ನೆಲ್ಲ ಅಭಿಮಾನಿಗಳಿಗೆ ತೋರಿಸುವ ಕಾರ್ಯಕ್ರಮಕ್ಕೆ ಗುಬ್ಬಿಯನ್ನೂ ಅವಳ ಅಮ್ಮನನ್ನೂ ಕರೆದಿದ್ದರು. ಸಿನಿಮಾದಲ್ಲಿ ಕಬ್ಬಿಣದ ಸೇತುವೆಯ ಮೇಲೆ ನಿಂತು ಬಿಕ್ಕಿಬಿಕ್ಕಿ ಅಳುವ ಪುಟ್ಟ ಹುಡುಗಿ ಇವಳೇ. ಈಗ ಶರ್ಟು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಚಿತ್ರೀಕರಣದ ದಿನದ ನೆನಪು ಒಂದಿಷ್ಟೂ ಇರಲಿಲ್ಲ.

ಗಡಿಯಾರದ ಗೋಪುರದ ಕೆಳಗೆ ಮುದಿ ನಿರ್ದೇಶಕರು, "ಇದು ಆಗ್ಲೇ ಕೆಟ್ಟು ನಿಂತಿತ್ತು. ಪಾಪ, ನಮ್ಮ ಹೀರೋ ಇಡೀ ಸಿನಿಮಾ ಒಂದೇ ಟೈಮಿಗೆ ಲೇಟಾಗಿ ಬರ್ತಾನೆ," ಎಂದು ಎಲ್ಲರನ್ನೂ ನಗಿಸಿದರು. ಸೇತುವೆಗೆ ಬಂದಾಗ ಗುಬ್ಬಿಯ ಹೆಗಲ ಮೇಲೆ ಕೈಯಿಟ್ಟರು.

"ಇವಳು ಏನು ಮಾಡಿದ್ರೂ ಅಳ್ತಿರ್ಲಿಲ್ಲ. ಕೊನೆಗೆ, 'ನಿಮ್ಮಮ್ಮ ಹೊಳೆಗೆ ಬಿದ್ದು ಸತ್ತೋದ್ಲು' ಅಂದ್ಬಿಟ್ವಿ. ಆಮೇಲೆ ನೋಡ್ಬೇಕಿತ್ತು!"

"ನಾನು ವ್ಯಾನ್ ಹಿಂದೆ ಬಾಯಿ ಮುಚ್ಕೊಂಡು ನಗ್ತಿದ್ದೆ," ಎಂದಳು ಅಮ್ಮ. "ಇನ್ನೊಂದು ಆ್ಯಂಗಲ್ ಬೇಕು ಅಂದ್ರು ಅಂತ ಊಟದ ತನಕ ಹೊರಗೆ ಬರ್ಲೇ ಇಲ್ಲ."

ಜನ ಚಪ್ಪಾಳೆ ತಟ್ಟಿದರು.

ಗುಬ್ಬಿ ಇದನ್ನು ಕೇಳಿದ್ದು ಇದೇ ಮೊದಲು. ಅಮ್ಮ ಕಣ್ಮರೆಯಾದರೆ ಸಾಕು, ಇವತ್ತಿಗೂ ಅವಳ ಎದೆ ಡವಡವ ಎನ್ನುತ್ತಿತ್ತು. ಆ ದಿಗಿಲಿಗೇ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಿದ್ದಳು. "ಜಿಗಣೆ ಥರ ಅಂಟ್ಕೋತೀಯಲ್ಲೇ" ಎಂದು ಅಮ್ಮ ಬೈಯುತ್ತಿದ್ದಳೇ ಹೊರತು ಈ ವಿಷಯವಾಗಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಗುಬ್ಬಿ ಫೋನನ್ನು ಕಿವಿಗಿಟ್ಟುಕೊಂಡು ಯಾರದೋ ಮಾತು ಕೇಳುವವಳಂತೆ ನಿಂತಳು.

"ಅಮ್ಮಾ, ತಮ್ಮನ ಬೈಕಿಗೆ ಲಾರಿ ಹೊಡೀತಂತೆ. ಹೋಗ್ಬಿಟ್ಟ."

ಮಗನೆಂದರೆ ಅಮ್ಮನಿಗೆ ಪಂಚಪ್ರಾಣ. ನಿಂತಲ್ಲೇ ಕುಸಿದು, ಸೇತುವೆಯ ಸರಳುಗಳಿಗೆ ಹಣೆ ಚಚ್ಚಿಕೊಂಡು ಅರಚಿದಳು. ರಕ್ತ ಹುಬ್ಬಿಗಿಳಿಯುವ ತನಕ ಗುಬ್ಬಿ ತುಟಿ ಪಿಟಕ್ಕೆನ್ನಲಿಲ್ಲ.

"ಸುಳ್ಳು," ಎಂದಳು ಕೊನೆಗೆ. "ಅವನಿಗೇನೂ ಆಗಿಲ್ಲ."

"ನೀನು ಮಗಳೋ, ಮಾರಿಯೋ?" ಎಂದಳು ಅಮ್ಮ.

ನಿರ್ದೇಶಕರು ಗುಂಪಿನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಯಾರಾದ್ರೂ ಶೂಟ್ ಮಾಡ್ಕೊಂಡ್ರೇನ್ರಪ್ಪಾ?"

ಮಾಡಿಕೊಂಡಿದ್ದರು.

ಅಮ್ಮ ಅಂದೇ ಗಂಟುಮೂಟೆ ಕಟ್ಟಿ ಮಗನ ಮನೆ ಸೇರಿದಳು. ಸೇತುವೆಯ ಮೇಲಿನ ಆ ವಿಡಿಯೋ ತುಣುಕನ್ನು ಸಿನಿಮಾದ ಮರುಬಿಡುಗಡೆಯ ಜಾಹೀರಾತಿಗೆ ಬಳಸಲು ನಿರ್ದೇಶಕರು ಕೇಳಿದಾಗ, ಅವಳು ತನ್ನ ಮುಖ ಚೆನ್ನಾಗಿ ಬಂದಿದೆಯೇ ಎಂದಷ್ಟೇ ವಿಚಾರಿಸಿ ಒಪ್ಪಿಕೊಂಡಳಂತೆ. ಅದು ಗುಬ್ಬಿಯ ಕಣ್ಣಿಗೆ ಬಿದ್ದದ್ದು ಕಾರ್ಖಾನೆಯ ಊಟದ ಕೋಣೆಯಲ್ಲಿ, ಪಕ್ಕದ ಮಷಿನ್ನಿನವಳ ಫೋನಿನಲ್ಲಿ.

"ನಿಮ್ಮಮ್ಮ ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡಿದಾರೆ ಕಣೇ!"

ಗುಬ್ಬಿ ಅಮ್ಮನಿಗೆ ಫೋನ್ ಮಾಡಿದಳು. ಎತ್ತಿದ್ದು ತಮ್ಮ.

"ಅಕ್ಕಪಕ್ಕದೋರನ್ನೆಲ್ಲ ಕೂರಿಸ್ಕೊಂಡು ಅದನ್ನೇ ತೋರಿಸ್ತಿದಾಳೆ ಅಕ್ಕಾ. ನಿನ್ ಜೊತೆ ಮಾತಾಡಲ್ವಂತೆ."

ಅವನು ಫೋನ್ ಇಟ್ಟ. ಊಟದ ಬಿಡುವು ಮುಗಿದು ಎಲ್ಲರೂ ಎದ್ದು ಹೋದರೂ ಗುಬ್ಬಿ ಡಬ್ಬಿಯ ಮುಚ್ಚಳ ತೆಗೆಯದೆ ಅಲ್ಲೇ ಕುಳಿತಿದ್ದಳು.