ರಾಯರು ಎಲ್ಲಾ ಲಗ್ನಕ್ಕೂ ಬಂದರು

ಸಿಂದಗಿಯ ಹೃಷೀಕೇಶರಾಯರಿಗೆ ಜಿಲ್ಲಾ ಪಂಚಾಯತಿಯ ಟಿಕೆಟ್ ಬೇಕಾಗಿತ್ತು. ಟಿಕೆಟ್ ಬೇಕೆಂದರೆ ಮಂದಿ ಬೇಕು, ಮಂದಿ ಬೇಕೆಂದರೆ ಅವರ ಮನೆಯ ಲಗ್ನಕ್ಕೆ ಹೋಗಬೇಕು. ವೈಶಾಖದಲ್ಲಿ ಒಂದೇ ಮುಹೂರ್ತಕ್ಕೆ ಇಂಡಿಯಲ್ಲೊಂದು, ಮುದ್ದೇಬಿಹಾಳದಲ್ಲೊಂದು ಲಗ್ನ. ರಾಯರಿಗೋ ಬಿಸಿಲೆಂದರೆ ಆಗದು. ಹಾವು ಸಾಯಬೇಕು, ಕೋಲು ಮುರಿಯಬಾರದು.

ದಾರಿ ತೋರಿಸಿದವನು ಸ್ಟುಡಿಯೋದ ಶಾನವಾಜ. ರಾಯರನ್ನು ಹಸಿರು ಪರದೆಯ ನಡುವೆ ನಿಲ್ಲಿಸಿ, ಸುತ್ತಲೂ ಕ್ಯಾಮೆರಾ ಇಟ್ಟು, ನಗುವುದು, ಕೈಮುಗಿಯುವುದು, ಅಕ್ಷತೆ ಹಾಕುವುದು ಎಲ್ಲವನ್ನೂ ಬೇರೆಬೇರೆಯಾಗಿ ಹಿಡಿದ. ಆಮೇಲೆ ಒಂದರ ಮೇಲೊಂದು ಪದರಾಗಿ ಕೂಡಿಸಿದ. ಲಗ್ನದ ಮನೆಯಲ್ಲಿ ಅವನು ಕೊಟ್ಟ ದಪ್ಪ ಕನ್ನಡಕ ಹಾಕಿಕೊಂಡರೆ ಸಾಕು, ಮಂಟಪದಲ್ಲಿ ರಾಯರು ಸಾಕ್ಷಾತ್ ನಿಂತಿರುತ್ತಿದ್ದರು. ಅಸಲು ರಾಯರು ಆಗ ಮನೆಯಲ್ಲಿ ಏಸಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದರು.

ದೇವರ ಹಿಪ್ಪರಗಿಯ ಮಾನಪ್ಪ ತನ್ನ ಮಗಳ ಲಗ್ನದಲ್ಲಿ, ಊಟಕ್ಕೆ ಕರೆದೊಯ್ಯಲೆಂದು ಆ ರಾಯರ ಕೈ ಹಿಡಿಯಹೋಗಿ ಗಾಳಿ ಹಿಡಿದ. ಮಂದಿ ನಕ್ಕರು. ಮಾನಪ್ಪ ನಗಲಿಲ್ಲ.

ಮುಂದಿನ ತಿಂಗಳು ರಾಯರ ಒಬ್ಬಳೇ ಮಗಳು ಗೌತಮಿಯ ಲಗ್ನ. ಬೀಗರು ಟಿಕೆಟ್ ಹಂಚುವ ದೊಡ್ಡ ಮನುಷ್ಯರು. ತಮ್ಮ ಮಂದಿಯನ್ನು ಅವರಿಗೆ ತೋರಿಸಬೇಕೆಂದು ರಾಯರು ನಾಲ್ಕು ತಾಲೂಕಿಗೂ ಆಮಂತ್ರಣ ಹಂಚಿದ್ದರು. ಮುಹೂರ್ತ ಹತ್ತಿರ ಬಂದರೂ ಹೆಣ್ಣಿನ ಕಡೆಯ ಖುರ್ಚಿಗಳು ಭಣಗುಡುತ್ತಿದ್ದವು. ಹೆಗಲಿಗೆ ಚೀಲ ಹಾಕಿಕೊಂಡು ಬಂದವನು ಶಾನವಾಜ ಒಬ್ಬನೇ.

"ಮಂದಿ ಎಲ್ಲೋ?"

"ಎಲ್ಲಾರೂ ಬಂದಾರ್ರಿ." ಶಾನವಾಜ ಚೀಲದಿಂದ ಕನ್ನಡಕ ತೆಗೆದುಕೊಟ್ಟ. "ಸ್ಟುಡಿಯೋಕ್ಕ ಬಂದು ಅಕ್ಷತಿ ಹಾಕಿ ಹೋದ್ರು. ರಾಯರು ಬಂದಾಂಗ ನಾವೂ ಬರ್ತೇವಿ, ಮುಯ್ಯಿ ತೀರಿಸಬೇಕಲ್ಲ ಅಂತ ಮಾನಪ್ಪ ಹೇಳ್ಯಾನ್ರಿ."

ರಾಯರು ಕನ್ನಡಕ ಏರಿಸಿದರು. ಸಭಾಗೃಹ ಗಿಜಿಗುಡುತ್ತಿತ್ತು! ಮುಂದಿನ ಸಾಲಿನಲ್ಲಿ ಮಾನಪ್ಪ ಮೀಸೆ ತಿರುವುತ್ತ ಕೂತಿದ್ದ. ರಾಯರಿಗೆ ಮೈಯೆಲ್ಲ ಉರಿಯಿತು. ಆದರೂ ಆಸೆ ಬಿಡಲಿಲ್ಲ. ಬೀಗರಿಗೂ ಒಂದು ಕನ್ನಡಕ ಹಾಕಿಸಿದರಾಯಿತು! ಗುಂಪಿನಲ್ಲಿ ಅಸಲು ಯಾರು, ನಕಲು ಯಾರು ತಿಳಿಯದೆ ಒಂದು ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಇನ್ನೊಂದು ಕೈಯನ್ನು ಕಂಡಕಂಡವರ ತೋಳಿಗೆ ಹಾಕುತ್ತ ಬೀಗರನ್ನು ಹುಡುಕಿಕೊಂಡು ಹೊರಟರು. ಎಲ್ಲೋ ವಾಲಗ ಜೋರಾಯಿತು. ನಾಲ್ಕು ತಾಲೂಕಿನ ಅಕ್ಷತೆ ಮಳೆಯ ಹಾಗೆ ಸುರಿಯಿತು.

ಯಾರೋ ಕನ್ನಡಕ ಕಿತ್ತರು. ಎದುರಿಗೆ ಹೆಂಡತಿ ತುಳಸೀಬಾಯಿ. ಆಕೆಯ ಹಿಂದೆ ಮಂಟಪದಲ್ಲಿ ಮಾಲೆ ಬದಲಾಗಿ ಹೋಗಿತ್ತು.

"ಹುಡುಗಿ ನಿಮ್ಮನ್ನ ಹುಡುಕ್ಲಿಕ್ಕೆ ಹತ್ತಿದ್ಲು," ಎಂದಳು ತುಳಸೀಬಾಯಿ. ಕಣ್ಣು ಕೆಂಪಾಗಿದ್ದವು. "ಎಲ್ಲಿ ಹೋಗಿದ್ರಿ?"

ಇಲ್ಲೇ ಇದ್ದೆನಲ್ಲ ಎನ್ನಲು ರಾಯರು ಬಾಯಿ ತೆರೆದರು. ಮುಷ್ಟಿಯಲ್ಲಿದ್ದ ಅಕ್ಷತೆ ಬೆವರಿಗೆ ಮೆತ್ತಗಾಗಿ ಅಂಗೈಗೆ ಅಂಟಿಕೊಂಡಿತ್ತು.