ಹಿಂದಿನ ಚಕ್ರದ ಅಳತೆ

ಗ್ಯಾರೇಜಿನ ಮೇಸ್ತ್ರಿಯ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ: ನಟ್ಟು ಬಿಗಿಸಲು ಬರುವವರು, ಬಾರದವರು. ಬಾರದವರ ಸಾಲಿನಲ್ಲಿ ಬ್ಯಾಂಕಿನ ಮ್ಯಾನೇಜರು, ಡಾಕ್ಟರು, ಪಕ್ಕದ ಬೀದಿಯ ವಕೀಲರು ಎಲ್ಲರೂ ಇದ್ದರು. ಆ ಸಾಲಿನ ತೀರಾ ತುದಿಯಲ್ಲಿ, ಗೋಡೆಗೆ ಒತ್ತರಿಸಿ, ಅವನು ತನ್ನ ಅಳಿಯನನ್ನು ನಿಲ್ಲಿಸಿದ್ದ. ಅಳಿಯ ಟೈಲರ್. ಎದುರಿಗೆ ‘ಅಳಿಯಂದಿರೇ’, ‘ನೀವು’, ‘ಬನ್ನಿ’. ಬೆನ್ನ ಹಿಂದೆ ‘ಸೂಜಿ’. ಹತ್ತನೇ ವಯಸ್ಸಿಗೇ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ತನ್ನ ಮಗಳು ಹೋಗಿ ಹೋಗಿ ಗುಂಡಿ ಹೊಲಿಯುವವನನ್ನು ಕಟ್ಟಿಕೊಂಡಳಲ್ಲ ಎಂಬ ಸಂಕಟ ಮದುವೆಯಾಗಿ ನಾಲ್ಕು ವರ್ಷವಾದರೂ ಇಳಿದಿರಲಿಲ್ಲ.

ಸೂಜಿ ತನ್ನ ಪಾಡಿಗೆ ಹೊಲಿದುಕೊಂಡಿದ್ದರೆ ಒಂದು ಮಾತು. ಅವನು ಕಾರು ಕೊಂಡ. ಅದೂ ಎಂಥ ಕಾರು! ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಎಂಜಿನ್ನಿನ ಶಕ್ತಿಯನ್ನೆಲ್ಲ ಹಿಂದಿನ ಚಕ್ರಗಳಿಗೇ ಸುರಿಯುವ ಹಳೆಯ ರೇಸಿನ ಗಾಡಿ. ಮೇಸ್ತ್ರಿ ಮೂವತ್ತು ವರ್ಷ ಅಂಥ ಗಾಡಿಗಳ ಕೆಳಗೆ ಅಂಗಾತ ಮಲಗಿದ್ದನೇ ಹೊರತು ಒಂದನ್ನೂ ತನ್ನದು ಎಂದಿರಲಿಲ್ಲ. ಇದನ್ನು ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೊಟ್ಟೆ ಉರಿಯುವುದಕ್ಕೆ ಬಾಯಿ ಬಿಡಲೇಬೇಕು ಎಂದೇನಿಲ್ಲವಲ್ಲ.

ಒಮ್ಮೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರಿ, ಗಾಡಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಒಳಗೆ ಮಗಳೂ ಇದ್ದಳು. ಮನೆಗೆ ಬಂದವಳೇ ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು: ಹಿಂದಕ್ಕೆ ಅಗಲವಾದ ರಿಮ್ಮು, ಅಗಲವಾದ ಟೈರು ಹಾಕಿಸಬೇಕು, ರಸ್ತೆಯ ಮೇಲೆ ಹಿಡಿತ ಸಿಗಬೇಕು. ಆ ಟೈರು ಎಲ್ಲೂ ಗಾಡಿಯ ಮೈಗೆ ಉಜ್ಜದೆ ಕೂತರೆ ಗಾಡಿ ಇರಲಿ, ಉಜ್ಜಿದರೆ ಮಾರಿಬಿಡಬೇಕು. ಉಜ್ಜುತ್ತದೋ ಇಲ್ಲವೋ ಹೇಳುವವನು ಅಪ್ಪ. ಅಪ್ಪ ಹೇಳಿದ ಮೇಲೆ ಮುಗಿಯಿತು. ಈ ಲೋಕದಲ್ಲಿ ಮೇಸ್ತ್ರಿಯ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪುವ ಜೀವ ಅದೊಂದೇ. ಅವನ ಹೆಂಡತಿ ಆ ಅಭ್ಯಾಸ ಬಿಟ್ಟು ಬಹಳ ಕಾಲವಾಗಿತ್ತು.

ಭಾನುವಾರ ಬೆಳಿಗ್ಗೆ ಮಗಳು ಅಳಿಯ ಇಬ್ಬರೂ ಗ್ಯಾರೇಜಿಗೆ ಬಂದರು. ಸೂಜಿ ಆಗಲೇ ರಿಮ್ಮು, ಟೈರು ಎರಡನ್ನೂ ತಂದಿದ್ದ. ಅಳತೆ ಯಾರು ತೆಗೆದರು ಎಂದು ಕೇಳಿದರೆ ತಾನೇ ಎಂದ. ಯಾವುದರಲ್ಲಿ ಎಂದರೆ ಜೇಬಿನಿಂದ ಬಟ್ಟೆ ಅಳೆಯುವ ಟೇಪು ತೆಗೆದು ತೋರಿಸಿದ. ಮಡ್‌ಗಾರ್ಡಿನ ಬಾಗಿಗೆ ಸರಿಯಾಗಿ ರಟ್ಟು ಕತ್ತರಿಸಿ, ಅದರ ಮೇಲೆ ಸೀಮೆಸುಣ್ಣದ ಗೆರೆ ಬೇರೆ ಹಾಕಿಕೊಂಡು ಬಂದಿದ್ದ.

“ಚಕ್ರಕ್ಕೂ ಅಂಗಿ ಹೊಲಿತೀರಾ ಅಳಿಯಂದಿರೇ? ಕಾಲರು ಯಾವ ಕಡೆಗೆ ಬರುತ್ತೆ?” ಎಂದ ಮೇಸ್ತ್ರಿ.

ಸೂಜಿ ನಕ್ಕ. ಅವಮಾನ ಮಾಡಿದರೂ ನಗುವವರನ್ನು ಕಂಡರೆ ಮೇಸ್ತ್ರಿಗೆ ಇನ್ನಷ್ಟು ಮೈ ಉರಿಯುತ್ತಿತ್ತು.

“ನಿಂತಾಗ ತೆಗೆದ ಅಳತೆಗೆ ಪ್ಯಾಂಟು ಹೊಲಿದ್ರೆ ಕೂತಾಗ ಹರಿಯುತ್ತೆ ಮಾವ. ಅದಕ್ಕೇ ಗಾಡಿನೂ ಕೂರಿಸಿ ಅಳೆದೆ. ಹಿಂದುಗಡೆ ಮೂರು ಚೀಲ ಮರಳು ಹಾಕಿ.”

ಮಾತು ಸರಿಯಾಗಿತ್ತು, ಮೇಸ್ತ್ರಿಗೆ ಸಹಿಸಲಾಗದ್ದು ಅದೇ. ಅರ್ಧಕ್ಕರ್ಧ ಮೆಕ್ಯಾನಿಕ್ಕುಗಳು ಗಾಡಿಯನ್ನು ಜಾಕಿನ ಮೇಲೆತ್ತಿ, ಚಕ್ರ ನೇತಾಡುತ್ತಿರುವಾಗ ಬೆರಳು ತೂರಿಸಿ, ಬೇಕಾದಷ್ಟು ಜಾಗ ಇದೆ ಎಂದು ಎದೆ ಉಬ್ಬಿಸುವ ಬೆಪ್ಪರು. ಭಾರ ಬಿದ್ದು ಸ್ಪ್ರಿಂಗು ಕುಗ್ಗಿದಾಗ ತಾನೇ ಟೈರು ಮಡ್‌ಗಾರ್ಡಿನ ಅಂಚಿಗೆ ಏರುವುದು? ಇದನ್ನು ಕಲಿಯುವುದಕ್ಕೆ ಮೇಸ್ತ್ರಿಗೇ ಎರಡು ಟೈರು ಹರಿಯಬೇಕಾಗಿತ್ತು. ಇವನು ಪ್ಯಾಂಟು ಹೊಲಿದು ಕಲಿತಿದ್ದ.

ಮೇಸ್ತ್ರಿ ಕೆಲಸಕ್ಕಿಳಿದ. ಹಳೆಯ ಚಕ್ರಗಳನ್ನು ಬಿಚ್ಚಿದ. ಮಡ್‌ಗಾರ್ಡಿನ ಒಳ ಅಂಚನ್ನು ಬಿಸಿಗಾಳಿಯಲ್ಲಿ ಕಾಯಿಸಿ, ಬಣ್ಣ ಸಿಡಿಯದ ಹಾಗೆ ಒಳಕ್ಕೆ ಮಡಿಸಿದ. ಸೂಜಿ ಅದನ್ನು ನೋಡಿ, ನಾವೂ ಹೀಗೇ ಅಂಚು ಮಡಿಸುವುದು ಎಂದ. ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಚಕ್ರ ಏರಿಸಿ, ನಟ್ಟು ಬಿಗಿಸಿ, ಒಳಗಡೆ ಶಾಕ್ ಅಬ್ಸಾರ್ಬರಿಗೂ ಟೈರಿಗೂ ನಡುವೆ ಬೆರಳು ಆಡಿಸಿದ. ಅಲ್ಲಿ ಒಂದು ಬೆರಳು ಸಲೀಸಾಗಿ ಆಡಿತು. ಇನ್ನು ಉಳಿದದ್ದು ಹೊರಗಿನ ಅಂಚು.

ಅದಕ್ಕೆ ಅವನದೇ ಒಂದು ಪರೀಕ್ಷೆ ಇತ್ತು. ಮಕ್ಕಳು ಆಡುವ ಕ್ಲೇಯನ್ನು ಗೋಲಿ ಗಾತ್ರಕ್ಕೆ ಉಂಡೆ ಕಟ್ಟಿ, ಮಡ್‌ಗಾರ್ಡಿನ ಅಂಚಿಗೆ ಒಳಗಿನಿಂದ ಸಾಲಾಗಿ ಅಂಟಿಸುವುದು. ಹಿಂದೆ ಭಾರ ಹೇರಿ, ಹಳ್ಳ ದಿಣ್ಣೆಯ ರಸ್ತೆಯಲ್ಲಿ ಓಡಿಸಿ ಬರುವುದು. ಟೈರು ತಾಗಿದ್ದರೆ ಕ್ಲೇ ಚಪ್ಪಟೆಯಾಗಿರುತ್ತದೆ, ಇಲ್ಲವಾದರೆ ಉಂಡೆ ಉಂಡೆಯಾಗಿಯೇ ಇರುತ್ತದೆ. ಅವನು ಮರಳಿನ ಚೀಲ ಹೇರಿ, ಸೂಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಳ್ಳವನ್ನೂ ಬಿಡದೆ ಓಡಿಸಿದ. ಪ್ರತಿ ಹಳ್ಳದಲ್ಲೂ ಟೈರು ಕಿರ್ರೆನ್ನಲಿ ಎಂದು ಕಿವಿಗೊಟ್ಟ. ಅದು ಎಲ್ಲೂ ಸದ್ದು ಮಾಡಲಿಲ್ಲ.

ವಾಪಸ್ಸು ಬಂದು ನಿಲ್ಲಿಸಿದಾಗ ಮಗಳು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದಳು. ಎದ್ದು ಬರಲೂ ಇಲ್ಲ. ಅಪ್ಪ ನೋಡುವಾಗ ತಾನೇಕೆ ನೋಡಬೇಕು? ಮೇಸ್ತ್ರಿ ಟಾರ್ಚು ತರಲು ಸೂಜಿಯನ್ನು ಒಳಗೆ ಕಳಿಸಿ, ಬಗ್ಗಿ ನೋಡಿದ. ಉಂಡೆಗಳು ಅಂಟಿಸಿದಂತೆಯೇ ದುಂಡಗಿದ್ದವು. ಟೇಪು ಹಿಡಿದ ಟೈಲರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇನ್ನು ಹತ್ತು ವರ್ಷ ಇವನು ಈ ಗಾಡಿಯಲ್ಲಿ ಬಂದು ಮನೆ ಮುಂದೆ ಹಾರ್ನು ಹೊಡೆಯುತ್ತಾನೆ, ಮಗಳು ಹೆಮ್ಮೆಯಿಂದ ಇಳಿಯುತ್ತಾಳೆ. ಮೇಸ್ತ್ರಿ ಹೆಬ್ಬೆಟ್ಟು ತೂರಿಸಿ, ಎರಡು ಉಂಡೆಗಳನ್ನು ಒತ್ತಿಬಿಟ್ಟ.

“ಉಜ್ಜಿದೆ, ನೋಡಿ,” ಎಂದ ಸೂಜಿ ಬಂದ ಮೇಲೆ.

ಸೂಜಿ ಮಂಡಿಯೂರಿ ಟಾರ್ಚು ಹಿಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಟೈರು ತಾಗಿದ್ದರೆ ಕ್ಲೇ ಒಂದೇ ದಿಕ್ಕಿಗೆ ಸವರಿ ಹೋಗಿ, ಕಪ್ಪಾಗಿರಬೇಕು. ಇಲ್ಲಿ ಸಣ್ಣ ಗುಳಿ, ಗುಳಿಯೊಳಗೆ ಸುತ್ತು ಸುತ್ತಾದ ಚರ್ಮದ ಗೆರೆಗಳು. ದಿನವೆಲ್ಲ ನೂಲಿನ ಎಳೆ ನೋಡುವ ಕಣ್ಣಿಗೆ ಅದು ಕಾಣದೆ ಇರುತ್ತದೆಯೇ? ಅವನು ತಲೆಯೆತ್ತಿ ಮಾವನ ಕೈ ನೋಡಿದ, ಮುಖ ನೋಡಲಿಲ್ಲ. ಆಮೇಲೆ ಜೇಬಿನ ಬಟ್ಟೆ ತೆಗೆದು ಆ ಎರಡು ಉಂಡೆಗಳನ್ನು ಅಂಚಿನಿಂದ ಕಿತ್ತು ಒರೆಸಿ, ಹೆಂಡತಿಯ ಕಡೆ ತಿರುಗಿದ.

“ಉಜ್ಜುತ್ತೆ ಕಣೆ. ಮಾರಿಬಿಡೋಣ.”

“ಅಪ್ಪ ಹೇಳಿದ್ರಾಯ್ತು,” ಎಂದಳು ಅವಳು ಪೇಪರು ಮಡಿಸುತ್ತ.

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಸೂಜಿ ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಜಗಳಕ್ಕೆ ನಿಂತಿದ್ದರೆ ಸ್ಪ್ಯಾನರು ಎತ್ತಬಹುದಿತ್ತು. ಈ ಗುಂಡಿ ಹೊಲಿಯುವವನು ತನ್ನ ಮಾನ ಕಾಯಲು ಹೊರಟಿದ್ದಾನೆ! ತನ್ನ ಮರ್ಯಾದೆ ಇವನ ಜೇಬಿನ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋಗಬೇಕೇ? ಅವನಿಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು.

“ನನ್ನ ಪರವಾಗಿ ಸುಳ್ಳು ಹೇಳೋಕೆ ನೀನ್ಯಾರೋ?” ಎಂದ. ನಾಲ್ಕು ವರ್ಷದ ಬಹುವಚನ ಅಲ್ಲಿಗೆ ಕಳಚಿಬಿತ್ತು. “ಹತ್ತಿ ಇಬ್ಬರೂ. ಇನ್ನೊಂದ್ಸಲ.”

ಹೊಸ ಉಂಡೆ ಅಂಟಿಸಿದ. ಮಗಳು ಏನೂ ಅರ್ಥವಾಗದೆ ಹಿಂದೆ ಚೀಲಗಳ ನಡುವೆ ತೂರಿಕೊಂಡು ಕೂತಳು. ಅದೇ ರಸ್ತೆ, ಅವೇ ಹಳ್ಳಗಳು. ಹಿಂದಿರುಗಿದ ಮೇಲೆ ಮೇಸ್ತ್ರಿ ಗಾಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತು, ನೀನೇ ನೋಡು ಎಂದು ಮಗಳಿಗೆ ಹೇಳಿದ. ಅವಳು ಬಗ್ಗಿ ಎರಡೂ ಕಡೆ ಬೆರಳಾಡಿಸಿದಳು.

“ಒಂದೂ ಚಪ್ಪಟೆಯಾಗಿಲ್ಲ. ಮತ್ತೆ ಮೊದಲನೇ ಸಲ?”

ಸೂಜಿ ಮರಳಿನ ಚೀಲಗಳನ್ನು ಇಳಿಸತೊಡಗಿದ.

“ನಾನೇ ಒತ್ತಿದ್ದು,” ಎಂದ ಮೇಸ್ತ್ರಿ. “ಕೈಯಲ್ಲಿ.”

ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಸ್ಪ್ಯಾನರು ತೆಗೆದುಕೊಂಡು ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಅಪ್ಪ ಬಿಗಿಸಿದ್ದ ನಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡತೊಡಗಿದಳು. ಐದೂ ಬಿಗಿಯಾಗಿದ್ದವು. ಅವಳು ಎದ್ದು ಆ ಕಡೆಯ ಚಕ್ರಕ್ಕೆ ಹೋದಳು.